ನಲವತ್ತರಲ್ಲಿ ಮತ್ತೆ ಫ್ರೆಂಚ್: ‘ವಯಸ್ಸಾದ ಮೇಲೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲ’ ಎನ್ನುವುದು ನಿಜವೇ?

ಭಾಷೆ ಕಲಿಯುವುದರ ಬಗ್ಗೆ ಫೋನಿನಿಂದ ಫೋನಿಗೆ ಓಡಾಡುವ ಸಂದೇಶಗಳಲ್ಲಿ ಎರಡು ಬಗೆ ಇವೆ. ಒಂದು ಹೆದರಿಸುವಂಥದ್ದು: ‘ಹತ್ತು ವರ್ಷ ದಾಟಿದರೆ ಮಿದುಳಿನ ಭಾಷೆಯ ಬಾಗಿಲು ಮುಚ್ಚಿಹೋಗುತ್ತದೆ, ಆಮೇಲೆ ಎಷ್ಟು ಕಷ್ಟಪಟ್ಟರೂ ಅಷ್ಟೇ’. ಇನ್ನೊಂದು ಆಸೆ ಹುಟ್ಟಿಸುವಂಥದ್ದು: ‘ಕೇವಲ 30 ದಿನಗಳಲ್ಲಿ ಮನೆಯಲ್ಲೇ ಕುಳಿತು ನಿರರ್ಗಳವಾಗಿ ಫ್ರೆಂಚ್ ಮಾತನಾಡಿ’. ತಮಾಷೆಯೆಂದರೆ ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡೂ ಬರುತ್ತವೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಎರಡೂ ಒಟ್ಟಿಗೆ ಸುಳ್ಳಾಗಿರಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಫ್ರೆಂಚನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ನಮ್ಮಲ್ಲಿ, ಮುಖ್ಯವಾಗಿ ಬೆಂಗಳೂರಿನಲ್ಲಿ, ‘ಮಾರ್ಕ್ಸ್ ಚೆನ್ನಾಗಿ ಬರುತ್ತೆ’ ಎಂಬ ಒಂದೇ ಕಾರಣಕ್ಕೆ ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡವರು ಬಹಳ ಮಂದಿ. ಪರೀಕ್ಷೆ ಮುಗಿದ ಮರುದಿನವೇ ಪುಸ್ತಕ ಅಟ್ಟಕ್ಕೆ ಹೋಯಿತು. ಹದಿನೈದು ಇಪ್ಪತ್ತು ವರ್ಷದ ನಂತರ, ಕೆನಡಾದ ವಲಸೆಗೋ, ಕಚೇರಿಯ ಫ್ರೆಂಚ್ ಗ್ರಾಹಕರಿಗಾಗಿಯೋ, ಮಗಳ ಹೋಮ್‌ವರ್ಕಿಗಾಗಿಯೋ ಅಥವಾ ಬರೀ ಇಷ್ಟಕ್ಕೋ ಅವರು ಆ ಪುಸ್ತಕದ ಧೂಳು ಕೊಡವುತ್ತಾರೆ. ಎರಡು ವಾರ ಓದಿ, ‘ಏನೂ ನೆನಪಿಲ್ಲ, ವಯಸ್ಸಾಯಿತು’ ಎಂದು ಮತ್ತೆ ಮುಚ್ಚಿಡುತ್ತಾರೆ. ಇನ್ನು ಕೆಲವರು ‘ಗ್ಯಾರಂಟಿ’ ಕೊಡುವ ಕೋರ್ಸಿಗೆ ಹತ್ತಾರು ಸಾವಿರ ಕಟ್ಟುತ್ತಾರೆ. ಇವರಿಬ್ಬರಿಗೂ ಬೇಕಾದ ಮಾಹಿತಿ ವಿಜ್ಞಾನದಲ್ಲಿ ಸಾಕಷ್ಟಿದೆ. ಒಂದೊಂದಾಗಿ ನೋಡೋಣ.

‘ಹತ್ತು ವರ್ಷ’ದ ಕಥೆ ಹುಟ್ಟಿದ್ದು ಹೇಗೆ?

ಭಾಷೆ ಕಲಿಯಲು ಒಂದು ನಿರ್ದಿಷ್ಟ ವಯಸ್ಸಿದೆ ಎಂಬ ವಾದವನ್ನು ಜನಪ್ರಿಯಗೊಳಿಸಿದವರು ಎರಿಕ್ ಲೆನ್ನೆಬರ್ಗ್. 1967ರಲ್ಲಿ ಬಂದ ಅವರ ಪುಸ್ತಕದಲ್ಲಿ, ಭಾಷೆ ಸಹಜವಾಗಿ ಮೈಗೂಡುವ ಕಾಲ ಹರೆಯದ ಹೊತ್ತಿಗೆ ಮುಗಿಯುತ್ತದೆ ಎಂಬ ಊಹೆಯನ್ನು ಮುಂದಿಟ್ಟರು. ಆಗ ಅದೊಂದು ಊಹೆ. ಇಂದಿಗೂ ಅದರ ಮೇಲೆ ಚರ್ಚೆ ನಡೆಯುತ್ತಲೇ ಇದೆ.

ಈಗ ಹರಿದಾಡುತ್ತಿರುವ ‘ಹತ್ತು ವರ್ಷ’ದ ಮಾತಿಗೆ ಬಲ ಬಂದದ್ದು 2018ರ ಒಂದು ಅಧ್ಯಯನದಿಂದ. ಜೋಶುವಾ ಹಾರ್ಟ್‌ಶೋರ್ನ್, ಜೋಶುವಾ ಟೆನೆನ್‌ಬಾಮ್ ಮತ್ತು ಸ್ಟೀವನ್ ಪಿಂಕರ್ ಅಂತರ್ಜಾಲದಲ್ಲಿ ಇಂಗ್ಲಿಷ್ ವ್ಯಾಕರಣದ ರಸಪ್ರಶ್ನೆಯೊಂದನ್ನು ಇಟ್ಟರು. ಜನ ಅದನ್ನು ಶೇರ್ ಮಾಡಿದ ರಭಸಕ್ಕೆ ಸುಮಾರು 6.7 ಲಕ್ಷ ಮಂದಿಯ ಉತ್ತರಗಳು ಸಿಕ್ಕವು. (ಫಾರ್ವರ್ಡ್ ಮಾಡುವ ಚಟದಿಂದ ವಿಜ್ಞಾನಕ್ಕೆ ಉಪಯೋಗವಾದ ಅಪರೂಪದ ಪ್ರಸಂಗ ಇದು.) ಅವರು ಕಂಡದ್ದು ಏನೆಂದರೆ, ವ್ಯಾಕರಣ ಕಲಿಯುವ ಸಾಮರ್ಥ್ಯ ಸುಮಾರು 17 ವರ್ಷದವರೆಗೆ ಬಹುತೇಕ ಹಾಗೆಯೇ ಇದ್ದು, ಆಮೇಲೆ ಇಳಿಯತೊಡಗುತ್ತದೆ. ಹುಟ್ಟಿನಿಂದ ಆ ಭಾಷೆಯನ್ನೇ ಆಡಿದವರ ಮಟ್ಟಕ್ಕೆ, ಒಂದೂ ತಪ್ಪು ಕಾಣದಂತೆ ತಲುಪಬೇಕಾದರೆ ಹತ್ತು ವರ್ಷದ ಸುಮಾರಿಗೆ ಶುರುಮಾಡಿರಬೇಕು.

ಈ ಕೊನೆಯ ವಾಕ್ಯದಲ್ಲಿರುವ ಷರತ್ತನ್ನು ಸುದ್ದಿಯ ತಲೆಬರಹಗಳು ನುಂಗಿಹಾಕಿದವು. ‘ಪ್ಯಾರಿಸ್‌ನಲ್ಲಿ ಹುಟ್ಟಿದವರಂತೆ ಆಗುವುದಿಲ್ಲ’ ಎಂಬುದು ‘ಕಲಿಯಲು ಆಗುವುದಿಲ್ಲ’ ಎಂದಾಯಿತು. ಬೇರೆ ರಾಜ್ಯದಿಂದ ಬೆಂಗಳೂರಿಗೆ ಬಂದು, ಮೂವತ್ತು ದಾಟಿದ ಮೇಲೆ ಕನ್ನಡ ಕಲಿತು ತರಕಾರಿ ಚೌಕಾಸಿ ಮಾಡುವವರು, ಕಚೇರಿ ನಡೆಸುವವರು ನಮ್ಮ ಸುತ್ತಲೇ ಇದ್ದಾರೆ. ಅವರ ‘ಳ’ಕಾರ ಸ್ವಲ್ಪ ಜಾರಬಹುದು. ಹಾಗೆಂದು ಅವರಿಗೆ ಕನ್ನಡ ಬರುವುದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಇನ್ನೂ ಒಂದು ಹಳೆಯ ಅಧ್ಯಯನವನ್ನು ಫಾರ್ವರ್ಡುಗಳು ಎಂದೂ ಹೇಳುವುದಿಲ್ಲ. ನೆದರ್‌ಲ್ಯಾಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನ ಕುಟುಂಬಗಳನ್ನು ಕ್ಯಾಥರಿನ್ ಸ್ನೋ ಮತ್ತು ಮರಿಯಾನ್ ಹೂಫ್ನಾಗೆಲ್-ಹೂಲೆ ಸುಮಾರು ಒಂದು ವರ್ಷ ಗಮನಿಸಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ಎಲ್ಲರಿಗಿಂತ ವೇಗವಾಗಿ ಮುಂದೆ ಹೋದವರು 12ರಿಂದ 15 ವರ್ಷದ ಹುಡುಗರು ಮತ್ತು ವಯಸ್ಕರು. ಎಲ್ಲ ಪರೀಕ್ಷೆಗಳಲ್ಲೂ ಕೆಳಗಿದ್ದವರು 3ರಿಂದ 5 ವರ್ಷದ ಮಕ್ಕಳು! ದೀರ್ಘಕಾಲದಲ್ಲಿ ಮಕ್ಕಳು ಮುಂದೆ ಹೋಗುತ್ತಾರೆ, ನಿಜ. ಆದರೆ ಮಕ್ಕಳಿಗೆ ದಿನಕ್ಕೆ ಹತ್ತು ಗಂಟೆ ಆ ಭಾಷೆಯಲ್ಲಿ ಆಡುವ, ಜಗಳವಾಡುವ, ತಪ್ಪು ಮಾಡಿ ನಗಿಸಿಕೊಳ್ಳುವ ಅವಕಾಶವಿರುತ್ತದೆ. ನಮಗೆ ಕೆಲಸ ಮುಗಿದು, ಟ್ರಾಫಿಕ್ ದಾಟಿ, ಊಟವಾದ ಮೇಲೆ ಉಳಿಯುವ ಅರ್ಧ ಗಂಟೆ. ಹೋಲಿಕೆ ಮಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮರೆತ ಫ್ರೆಂಚ್ ಎಲ್ಲಿಗೆ ಹೋಯಿತು?

‘ಏನೂ ನೆನಪಿಲ್ಲ’ ಎನ್ನುವ ಮಾತಿಗೆ ಬರೋಣ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ಮಾಡಿಕೊಂಡು 1885ರಲ್ಲಿ ನೆನಪಿನ ಬಗ್ಗೆ ಪುಸ್ತಕ ಬರೆದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡುವುದು, ಮರೆಯುವುದು, ಮತ್ತೆ ಬಾಯಿಪಾಠ ಮಾಡುವುದು. ಅವರ ‘ಮರೆವಿನ ರೇಖೆ’ ಎಲ್ಲರಿಗೂ ಗೊತ್ತು. ಅದೇ ಪ್ರಯೋಗದ ಇನ್ನರ್ಧ ಅಷ್ಟು ಪ್ರಸಿದ್ಧವಲ್ಲ: ಒಮ್ಮೆ ಕಲಿತು, ಈಗ ಒಂದೂ ನೆನಪಿಗೆ ಬಾರದ ಪಟ್ಟಿಯನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕಾಗುತ್ತಿತ್ತು. ಅಂದರೆ ‘ನೆನಪಿಲ್ಲ’ ಎಂದಾಗಲೂ ಒಳಗೆ ಏನೋ ಉಳಿದಿರುತ್ತದೆ. ಆ ಉಳಿತಾಯ ಮತ್ತೆ ಕಲಿಯುವಾಗ ಮಾತ್ರ ಕಾಣುತ್ತದೆ.

ಭಾಷೆಯ ವಿಷಯದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರು ಅಮೆರಿಕದ ಹ್ಯಾರಿ ಬಾರಿಕ್. ಶಾಲೆ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ 733 ಮಂದಿಯನ್ನು ಅವರು ಪರೀಕ್ಷೆಗೆ ಕೂರಿಸಿದರು. ಕೆಲವರು ಕಲಿತು 50 ವರ್ಷವಾಗಿತ್ತು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲ ಮೂರರಿಂದ ಆರು ವರ್ಷಗಳಲ್ಲಿ ಮರೆವು ಜೋರಾಗಿತ್ತು. ಆಮೇಲೆ ಸುಮಾರು 30 ವರ್ಷದ ತನಕ ಉಳಿದದ್ದು ಹಾಗೆಯೇ ಉಳಿದಿತ್ತು. ಆರು ವರ್ಷ ದಾಟಿ ನಿಂತದ್ದು ಸುಲಭಕ್ಕೆ ಹೋಗುವುದಿಲ್ಲ. ಎಷ್ಟು ಉಳಿಯುತ್ತದೆ ಎನ್ನುವುದು ಮೊದಲು ಎಷ್ಟು ಗಟ್ಟಿಯಾಗಿ ಕಲಿತಿದ್ದರು ಎನ್ನುವುದರ ಮೇಲೆ ನಿಂತಿತ್ತು.

ಇಲ್ಲೇ ನಮ್ಮ ಪಿಯುಸಿ ಫ್ರೆಂಚಿನ ಕಹಿ ಸತ್ಯವೂ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದ ಪ್ರಬಂಧ ಉಳಿದಿರುವುದಿಲ್ಲ. ಎರಡು ವರ್ಷ ದಿನವೂ ಕಣ್ಣಿಗೆ ಬಿದ್ದ ಕ್ರಿಯಾಪದದ ರೂಪಗಳು, ಅಂಕಿಗಳು, ವಾರದ ಹೆಸರುಗಳು ಉಳಿದಿರುತ್ತವೆ. ಹಾಗಾಗಿ ಮರಳಿ ಬಂದವರ ಜ್ಞಾನ ಇಲಿ ಕಡಿದ ಬಟ್ಟೆಯ ಹಾಗೆ, ಒಂದು ಕಡೆ ಗಟ್ಟಿ, ಪಕ್ಕದಲ್ಲೇ ತೂತು. ಮೊದಲ ಪಾಠದಿಂದ ಶುರುಮಾಡಿದರೆ ಬೇಸರ ಬರುತ್ತದೆ, ಹತ್ತನೇ ಪಾಠದಿಂದ ಶುರುಮಾಡಿದರೆ ತಲೆ ಕೆಡುತ್ತದೆ. ‘ವಯಸ್ಸಾಯಿತು’ ಎಂದು ಕೈಬಿಡುವವರಲ್ಲಿ ಬಹುಪಾಲು ಮಂದಿ ಈ ತೂತುಗಳಲ್ಲಿ ಕಾಲು ಸಿಕ್ಕಿಸಿಕೊಂಡವರು ಎಂದೇ ನಮ್ಮ ಅನಿಸಿಕೆ.

ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ

ನಿಜವಾಗಿ ಬೇಗ ಮುಚ್ಚುವ ಬಾಗಿಲೊಂದಿದೆ. ಅದು ಹತ್ತು ವರ್ಷಕ್ಕಲ್ಲ, ಮೊದಲನೇ ಹುಟ್ಟುಹಬ್ಬಕ್ಕೂ ಮುಂಚೆಯೇ ಮುಚ್ಚತೊಡಗುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಮಾಯ. ನಮಗೆ ನಿದ್ದೆಗಣ್ಣಿನಲ್ಲೂ ಗೊತ್ತಾಗುವ ‘ತಟ್ಟೆ’ಯ ಎರಡು ವ್ಯಂಜನಗಳು ಇಂಗ್ಲಿಷರ ಕಿವಿಗೆ ಒಂದೇ.

ಫ್ರೆಂಚಿನ ಮುಂದೆ ನಾವು ಆ ಇಂಗ್ಲಿಷರ ಜಾಗದಲ್ಲಿ ನಿಲ್ಲುತ್ತೇವೆ. ಫ್ರೆಂಚಿನಲ್ಲಿ ‘ಊ’ ಅಲ್ಲದೆ ಇನ್ನೊಂದು ಸ್ವರವಿದೆ. ನಾಲಿಗೆಯನ್ನು ‘ಈ’ ಎನ್ನುವ ಜಾಗದಲ್ಲಿಟ್ಟು, ತುಟಿಯನ್ನು ಮಾತ್ರ ‘ಊ’ ಎನ್ನುವಂತೆ ಗುಂಡಗೆ ಮಾಡಿದರೆ ಬರುವ ಸದ್ದು. ಒಂದು ಪದದಲ್ಲಿ ಈ ಸ್ವರ ಬಂದರೆ ‘ಮೇಲೆ’, ಅದರ ಬದಲು ‘ದಸೂ’ ಎಂದು ನಮ್ಮ ಊಕಾರ ಹಾಕಿದರೆ ‘ಕೆಳಗೆ’. ಮೇಲೆ ಎಂದವರು ಕೆಳಗೆ ಎಂದು ಕೇಳಿಸಿಕೊಂಡರೆ ಪರಿಣಾಮ ನೀವೇ ಊಹಿಸಿ. ಮೊದಲನೆಯದನ್ನು ಕನ್ನಡದಲ್ಲಿ ಬರೆಯಹೊರಟರೆ ‘ದಸ್ಯು’ ಎಂದಾಗಿ ದರೋಡೆಕೋರ ಬಂದು ಕೂರುತ್ತಾನೆ! ಫ್ರೆಂಚ್ ಪದಗಳ ಉಚ್ಚಾರವನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಡಿ ಎನ್ನುವುದು ಇದಕ್ಕೇ. ಈ ಲೇಖನದಲ್ಲಿ ನಾವು ಬರೆದಿರುವುದೂ ಅಂದಾಜಿಗೆ ಮಾತ್ರ.

ಈ ಬಾಗಿಲು ಮುಚ್ಚಿದರೂ ಬೀಗ ಬೀಳುವುದಿಲ್ಲ. ಜಪಾನೀಯರಿಗೆ ಇಂಗ್ಲಿಷಿನ ‘ರ’ ಮತ್ತು ‘ಲ’ ಒಂದೇ ಸಮ ಕೇಳುತ್ತವೆ ಎನ್ನುವುದು ಪ್ರಸಿದ್ಧ. 1991ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಪಾನಿ ವಯಸ್ಕರಿಗೆ ಹಲವು ಬೇರೆ ಬೇರೆ ಜನರ ಧ್ವನಿಯಲ್ಲಿ ಆ ಪದಗಳನ್ನು ಕೇಳಿಸಿ, ಪ್ರತಿಸಲವೂ ಸರಿಯೋ ತಪ್ಪೋ ಎಂದು ತಿಳಿಸಿದರು. ಕೆಲವು ವಾರಗಳಲ್ಲಿ ಅವರ ಕಿವಿ ಸುಧಾರಿಸಿತು. ಇಲ್ಲಿ ‘ಹಲವು ಧ್ವನಿ’ ಎನ್ನುವುದು ಮುಖ್ಯ. ಒಬ್ಬರೇ ಮೇಷ್ಟರ ವಿಡಿಯೋ ನೋಡುತ್ತಾ ಕುಳಿತರೆ ಆ ಮೇಷ್ಟರ ಫ್ರೆಂಚ್ ಮಾತ್ರ ಅರ್ಥವಾಗುತ್ತದೆ.

ಸ್ವರದ ಜೊತೆಗೆ ಬರವಣಿಗೆಯ ಕಾಟವೂ ಇದೆ. ಫ್ರೆಂಚಿನಲ್ಲಿ ಬರೆಯುವ ಅಕ್ಷರಗಳಲ್ಲಿ ಅನೇಕವು ಬಾಯಿಗೆ ಬರುವುದೇ ಇಲ್ಲ. ಹಸಿರು, ಗಾಜು, ಹುಳ, ‘ಕಡೆಗೆ’ ಎಂಬ ನಾಲ್ಕು ಪದಗಳ ಕಾಗುಣಿತ ಬೇರೆ, ಉಚ್ಚಾರ ಮಾತ್ರ ಒಂದೇ, ‘ವೇರ್’. ‘ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾರೆ’ ಎಂಬ ಮೂರಕ್ಕೂ ಕ್ರಿಯಾಪದ ಕೇಳಿಸುವುದು ‘ಪಾರ್ಲ್’ ಎಂದೇ. ‘ನನಗೆ ಗೊತ್ತಿಲ್ಲ’ ಎನ್ನಲು ಪುಸ್ತಕದಲ್ಲಿ ‘ಜ಼ ನ ಸೆ ಪಾ’ ಎಂಬ ನಾಲ್ಕು ಪದ. ಬೀದಿಯಲ್ಲಿ ಅದು ‘ಶೆ ಪಾ’. ನಾವು ‘ಗೊತ್ತಿಲ್ಲ’ವನ್ನು ‘ಗೊತ್ತಿಲ್ವೆ’, ‘ಗೊತ್ತಿಲ್ರೀ’ ಎಂದೆಲ್ಲ ಮಾಡುವುದಿಲ್ಲವೇ, ಹಾಗೆ. ಕಾಲೇಜಿನಲ್ಲಿ ಫ್ರೆಂಚನ್ನು ಓದಿ, ಬರೆದು ಪಾಸಾದವರಿಗೆ ಅದು ಕಣ್ಣಿನ ಭಾಷೆಯಾಗಿಯೇ ಉಳಿದಿರುತ್ತದೆ. ಮರಳಿ ಬಂದಾಗ ಸುದ್ದಿಯ ತಲೆಬರಹ ಅರ್ಥವಾಗುತ್ತದೆ, ಅದೇ ಸುದ್ದಿಯನ್ನು ಯಾರಾದರೂ ಓದಿದರೆ ಒಂದೇ ಉದ್ದನೆಯ ಸದ್ದಾಗಿ ಹರಿದುಹೋಗುತ್ತದೆ. ಇದು ಮರೆವಲ್ಲ. ಕಿವಿಗೆ ಆ ಪಾಠ ಎಂದೂ ಆಗಿಯೇ ಇರಲಿಲ್ಲ.

ಕನ್ನಡದವರ ಕೈಯಲ್ಲಿರುವ ಬಂಡವಾಳ

ಇಂಗ್ಲಿಷ್ ಪುಸ್ತಕಗಳು ಹೇಳದ ಕೆಲವು ಸುಲಭಗಳು ನಮಗಿವೆ. ಫ್ರೆಂಚಿನ ‘ತ’, ‘ದ’ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳುವಂಥವು, ನಮ್ಮ ತ, ದಗಳ ಹಾಗೆಯೇ. ಇಂಗ್ಲಿಷ್ ಓದಿದ ಅಭ್ಯಾಸದಲ್ಲಿ ‘ಟ’, ‘ಡ’ ಹಾಕಿ ನಾವೇ ಕೆಡಿಸಿಕೊಳ್ಳುತ್ತೇವೆ. ನೀನು, ನೀವು ಎಂಬ ವ್ಯತ್ಯಾಸ ಅಲ್ಲಿಯೂ ಇದೆ. ಯಾರಿಗೆ ‘ನೀನು’ ಎನ್ನಬಹುದು ಎಂಬ ಮುಜುಗರ ಇಂಗ್ಲಿಷರಿಗೆ ಹೊಸತು, ನಮಗೆ ಹುಟ್ಟಿನಿಂದ ಗೊತ್ತು. ‘ನಾನು ನಿನ್ನನ್ನು ನೋಡುತ್ತೇನೆ’ ಎನ್ನುವುದಕ್ಕೆ ಫ್ರೆಂಚಿನಲ್ಲಿ ‘ಜ಼ ತ ವ್ವಾ’. ಪದಗಳ ಕ್ರಮ ನಾನು, ನಿನ್ನನ್ನು, ನೋಡುತ್ತೇನೆ ಎಂದೇ ಇದೆ ನೋಡಿ! ಮಾಮೂಲಿ ನಾಮಪದ ಬಂದಾಗ ಕ್ರಮ ಇಂಗ್ಲಿಷಿನಂತೆ ಆಗುತ್ತದೆ, ಆದರೆ ಇಂತಹ ಸರ್ವನಾಮಗಳಿಗೆ ಕನ್ನಡದ ಜಾಡೇ ಹತ್ತಿರ.

ಸಂಧಿಯೂ ಹೊಸದಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿದಾಗ ಉಕಾರ ಬಿದ್ದು ‘ಊರಲ್ಲಿ’ ಆಗುವ ಹಾಗೆ, ಫ್ರೆಂಚಿನ ‘ಲ’ ಮತ್ತು ‘ಆಮಿ’ (ಗೆಳೆಯ) ಸೇರಿ ‘ಲಾಮಿ’ ಆಗುತ್ತದೆ. ಬಹುವಚನದಲ್ಲಿ ‘ಲೆ’ ಮತ್ತು ‘ಆಮಿ’ ಸೇರಿದಾಗ ಅಲ್ಲಿಯವರೆಗೆ ಮೌನವಾಗಿದ್ದ ಅಕ್ಷರ ಎದ್ದು ‘ಲೆಜ಼ಾಮಿ’ ಎನ್ನಿಸುತ್ತದೆ. ಪದದ ಕೊನೆಯ ಅಕ್ಷರ ನುಂಗುವುದೂ ನಿಮಗೆ ಗೊತ್ತಿರುವುದೇ. ಬಸ್ ಡಿಪೋ, ಮದುವೆ ಮನೆಯ ಬಫೆ, ಅಲ್ಲಿ ಕೊಡುವ ಬೊಕೆ, ಮೂರೂ ಇಂಗ್ಲಿಷಿನ ಮೂಲಕ ಬಂದ ಫ್ರೆಂಚ್ ಪದಗಳು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಕೊನೆಯಲ್ಲಿರುವ ‘ಟಿ’ಯನ್ನು ನಾವು ಯಾರೂ ಹೇಳುವುದಿಲ್ಲ.

ಇಂಗ್ಲಿಷ್ ಬಲ್ಲವರಿಗೆ ಪದಸಂಪತ್ತು ಇನ್ನೊಂದು ಲಾಭ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತ, ನ್ಯಾಯ, ಅಡುಗೆಯ ಸಾವಿರಾರು ಪದಗಳು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದವು. ಮೋಸಗಾರ ಪದಗಳೂ ಇವೆ ಎನ್ನಿ. ‘ಲಿಬ್ರೆರಿ’ ಎಂದರೆ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ.

ಕಷ್ಟ ಎಲ್ಲಿದೆ ಎಂದರೆ ಲಿಂಗದಲ್ಲಿ. ಕನ್ನಡದಲ್ಲಿ ಮೇಜು ‘ಅದು’, ಪುಸ್ತಕವೂ ‘ಅದು’. ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಮಧ್ಯದ ದಾರಿಯಿಲ್ಲ. ಇದಕ್ಕೆ ತರ್ಕ ಹುಡುಕುತ್ತಾ ಕೂರಬೇಡಿ. ಪದವನ್ನು ಒಂಟಿಯಾಗಿ ಕಲಿಯದೆ ಅದರ ಮುಂದಿನ ‘ಲ’ ಅಥವಾ ‘ಲಾ’ ಸಹಿತ ಒಂದೇ ಉಸಿರಿನಲ್ಲಿ ಕಲಿಯುವುದೇ ಉಪಾಯ. ಅಂಕಿಗಳೂ ತಲೆನೋವು. 97 ಎನ್ನಲು ‘ನಾಲ್ಕು-ಇಪ್ಪತ್ತು-ಹತ್ತು-ಏಳು’ ಎನ್ನಬೇಕು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚರು ಎಪ್ಪತ್ತಕ್ಕೂ ತೊಂಬತ್ತಕ್ಕೂ ನೇರವಾದ ಪದ ಬಳಸುತ್ತಾರೆ, ಜಾಣರು.

ಹಾಗಾದರೆ ಅರ್ಧ ಗಂಟೆಯಲ್ಲಿ ಏನು ಮಾಡುವುದು?

ಬಹುಪಾಲು ಜನ ಮಾಡುವುದು ಹಳೆಯ ಪುಸ್ತಕವನ್ನು ಮತ್ತೆ ಮತ್ತೆ ಓದುವುದು. ಓದುವಾಗ ‘ಹೌದು, ಇದು ಗೊತ್ತು’ ಎನಿಸುತ್ತದೆ. ಆ ಅನಿಸಿಕೆ ನಂಬಿಕೆಗೆ ಅರ್ಹವಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮೇಲು. ಒಂದು ವಾರದ ನಂತರ ಲೆಕ್ಕ ತಿರುಗಿತು, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದಿದ್ದರು. ಒಂದೇ ದಿನ ಮೂರು ಗಂಟೆ ಓದುವುದಕ್ಕಿಂತ ಅಷ್ಟೇ ಹೊತ್ತನ್ನು ಹಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ ಎನ್ನುವುದಕ್ಕೂ ಸಾಕ್ಷ್ಯ ಧಾರಾಳವಾಗಿದೆ. ಆ್ಯಂಕಿಯಂತಹ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳು ಈ ಎರಡು ತತ್ವಗಳ ಮೇಲೆಯೇ ನಿಂತಿವೆ. ಆಂಡ್ರಾಯ್ಡ್‌ನಲ್ಲಿ ಅದು ಉಚಿತ. ಕಾರ್ಡಿನಲ್ಲಿ ಪದದ ಧ್ವನಿ ಇರಲಿ, ಒಂಟಿ ಪದಕ್ಕಿಂತ ಚಿಕ್ಕ ವಾಕ್ಯವಿರಲಿ.

ಮರಳಿ ಬಂದವರಿಗೆ ನಾವು ಮೊದಲು ಹೇಳುವ ಕಸರತ್ತು ಮಾತ್ರ ಬೇರೆ, ಪ್ರಾಥಮಿಕ ಶಾಲೆಯ ಉಕ್ತಲೇಖನ. ಫ್ರಾನ್ಸಿನ ಶಾಲೆಗಳಲ್ಲೂ ಇದು ಹಳೆಯ ಸಂಪ್ರದಾಯ. ಫ್ರಾನ್ಸಿನ ಅಂತಾರಾಷ್ಟ್ರೀಯ ರೇಡಿಯೋ ಆರ್‌ಎಫ್‌ಐ, ಕಲಿಯುವವರಿಗಾಗಿ ಸರಳ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆ ಪ್ರಸಾರ ಮಾಡುತ್ತದೆ. ಟಿವಿ5ಮೋಂದ್ ವಾಹಿನಿಯ ಕಲಿಕೆಯ ತಾಣದಲ್ಲಿ ಮಟ್ಟಕ್ಕೆ ತಕ್ಕ ವಿಡಿಯೋ ಅಭ್ಯಾಸಗಳು ಉಚಿತವಾಗಿವೆ. ಬರಹರೂಪವೂ ಜೊತೆಗಿರುವ ಒಂದು ಧ್ವನಿ ತುಣುಕು ಆರಿಸಿಕೊಳ್ಳಿ. ಒಂದೇ ನಿಮಿಷ ಸಾಕು. ಬರಹ ನೋಡದೆ ಒಂದು ವಾಕ್ಯ ಕೇಳಿ, ನಿಲ್ಲಿಸಿ, ಕೇಳಿಸಿದ್ದನ್ನು ಬರೆಯಿರಿ. ಬೇಕಿದ್ದರೆ ಐದು ಸಲ ಕೇಳಿ. ಆಮೇಲೆ ಮೂಲದೊಂದಿಗೆ ಹೋಲಿಸಿ ಕೆಂಪು ಪೆನ್ನಿನಲ್ಲಿ ತಿದ್ದಿ. ಕೊನೆಗೆ ಅದೇ ನಿಮಿಷವನ್ನು ಮತ್ತೊಮ್ಮೆ ಕಣ್ಣು ಮುಚ್ಚಿ ಕೇಳಿ. ಮೊದಲ ವಾರ ಪುಟವೆಲ್ಲ ಕೆಂಪಾಗುತ್ತದೆ. ಆ ಕೆಂಪು ಗುರುತುಗಳೇ ನಿಮ್ಮ ತೂತುಗಳ ನಕ್ಷೆ. ಎಲ್ಲಿ ಸಂಧಿ ತಪ್ಪಿತು, ಎಲ್ಲಿ ಗೊತ್ತಿರುವ ಪದವೇ ಗುರುತು ಸಿಗಲಿಲ್ಲ, ಎಲ್ಲಿ ವ್ಯಾಕರಣ ಮರೆತಿದೆ ಎಂದು ಬೇರೆ ಬೇರೆಯಾಗಿ ಕಾಣುತ್ತದೆ. ಯಾವ ಪಾಠದಿಂದ ಶುರುಮಾಡಬೇಕು ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಗುತ್ತದೆ.

ಸ್ವಂತ ಕಲಿಕೆಯ ದೊಡ್ಡ ಕೊರತೆ ಮಾತು. ಆ್ಯಪ್‌ನಲ್ಲಿ ಸರಿಯುತ್ತರ ಒತ್ತುವುದು ಮಾತನಾಡಿದಂತಲ್ಲ. ಆರು ತಿಂಗಳು ಒಂದು ದಿನವೂ ತಪ್ಪದೆ ಆ್ಯಪ್ ಬಳಸಿದವರೂ ‘ನಿಮ್ಮ ಹೆಸರೇನು’ ಎಂದು ಎದುರಿಗೆ ಕೇಳಿದರೆ ತಡವರಿಸುತ್ತಾರೆ. ಉಕ್ತಲೇಖನ ಮಾಡಿದ ಅದೇ ವಾಕ್ಯಗಳನ್ನು ಫೋನಿನಲ್ಲಿ ನಿಮ್ಮ ಧ್ವನಿಯಲ್ಲಿ ಮುದ್ರಿಸಿ, ಮೂಲದ ಪಕ್ಕದಲ್ಲಿಟ್ಟು ಕೇಳಿ. ಕೇಳಲು ಸಂಕೋಚವಾಗುತ್ತದೆ, ಎಲ್ಲರಿಗೂ ಆಗುತ್ತದೆ. ಕಲಿಯುತ್ತಿರುವ ಇನ್ನೊಬ್ಬರು ಸಿಕ್ಕರೆ ದಿನಕ್ಕೊಂದು ವಾಯ್ಸ್ ಮೆಸೇಜ್ ವಿನಿಮಯ ಮಾಡಿಕೊಳ್ಳಿ. ಫಾರ್ವರ್ಡ್‌ಗಿಂತ ಒಳ್ಳೆಯ ಬಳಕೆ ಅದು.

30 ದಿನ, ನಿದ್ದೆಯಲ್ಲಿ ಕಲಿಕೆ ಮತ್ತು ಮರೆಗುಳಿ ಕಾಯಿಲೆ

ಈಗ ಆಸೆ ಹುಟ್ಟಿಸುವ ಸಂದೇಶಗಳ ಸರದಿ. ಅಮೆರಿಕ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯೊಂದನ್ನು ನಡೆಸುತ್ತದೆ. ಇಂಗ್ಲಿಷ್ ಬಲ್ಲವರಿಗೆ ಸುಲಭವಾದ ಭಾಷೆಗಳ ಗುಂಪಿನಲ್ಲೇ ಫ್ರೆಂಚನ್ನು ಅದು ಇಟ್ಟಿದೆ. ಹಾಗಿದ್ದೂ, ಕೆಲಸಕ್ಕೆ ಸಾಲುವ ಮಟ್ಟ ತಲುಪಲು ಸುಮಾರು 600ರಿಂದ 750 ತರಗತಿ ಗಂಟೆ ಎಂದು ಲೆಕ್ಕ ಹಾಕುತ್ತದೆ. ಅದೂ ಸಂಬಳ ಕೊಟ್ಟು ಪೂರ್ಣಾವಧಿ ಕೂರಿಸಿ, ಚಿಕ್ಕ ತರಗತಿಗಳಲ್ಲಿ, ಮನೆಗೆಲಸದ ಅಭ್ಯಾಸ ಬೇರೆ. 600 ಗಂಟೆಯನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 20 ಗಂಟೆ. ನಿದ್ದೆ, ಸ್ನಾನ, ಊಟಕ್ಕೆ ಉಳಿಯುವುದು ನಾಲ್ಕು. ‘90 ದಿನ’ದ ಜಾಹೀರಾತಿಗೂ ದಿನಕ್ಕೆ ಆರೂವರೆ ಗಂಟೆಗಿಂತ ಹೆಚ್ಚು ಬೇಕು. ದಿನಕ್ಕೆ ಅರ್ಧ ಗಂಟೆ ತಪ್ಪದೆ ಕೂತರೆ ವರ್ಷಕ್ಕೆ ಸುಮಾರು 180 ಗಂಟೆ ಆಗುತ್ತದೆ. ಅಂದರೆ ಹೊಸಬರಿಗೆ ಮೂರು ವರ್ಷಕ್ಕೂ ಮೇಲೆ. ಮರಳಿ ಬಂದವರಿಗೆ ಹಳೆಯ ಉಳಿತಾಯದಿಂದ ಅದು ಕಡಿಮೆಯಾಗುತ್ತದೆ. ಎಷ್ಟು ಎನ್ನುವುದು ಆಗ ಕಲಿತದ್ದರ ಮೇಲೆ.

ರಾತ್ರಿ ಇಯರ್‌ಫೋನ್ ಹಾಕಿ ಮಲಗಿದರೆ ಭಾಷೆ ತಾನಾಗಿ ಬರುತ್ತದೆ ಎನ್ನುವ ವಿಡಿಯೋಗಳನ್ನು ನಂಬಬೇಡಿ. 1956ರಷ್ಟು ಹಿಂದೆಯೇ ಮಿದುಳಿನ ತರಂಗಗಳನ್ನು ಅಳೆಯುತ್ತಾ ಇದನ್ನು ಪರೀಕ್ಷಿಸಿದಾಗ, ನಿಜವಾಗಿ ನಿದ್ದೆಯಲ್ಲಿದ್ದವರಿಗೆ ಕೇಳಿಸಿದ್ದು ಬೆಳಿಗ್ಗೆ ನೆನಪಿರಲಿಲ್ಲ. ಹಗಲು ಕಲಿತ ಪದಗಳನ್ನು ನಿದ್ದೆಯಲ್ಲಿ ಮೆಲ್ಲಗೆ ಕೇಳಿಸಿದರೆ ನೆನಪು ಸ್ವಲ್ಪ ಗಟ್ಟಿಯಾಗುತ್ತದೆ ಎಂದು ಇತ್ತೀಚಿನ ಪ್ರಯೋಗಗಳು ಹೇಳುತ್ತವೆ. ಅದಕ್ಕೂ ಹಗಲು ಕಲಿತಿರಬೇಕಲ್ಲ.

‘ಹೊಸ ಭಾಷೆ ಕಲಿತರೆ ಮರೆಗುಳಿ ಕಾಯಿಲೆ ಬರುವುದಿಲ್ಲ’ ಎಂಬ ಸಂದೇಶದ ಹಿಂದೆ ಮಾತ್ರ ನಿಜವಾದ ಅಧ್ಯಯನಗಳಿವೆ. ಅವುಗಳಲ್ಲಿ ಒಂದು ನಮ್ಮ ಪಕ್ಕದ ಹೈದರಾಬಾದಿನದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸವಿತ್ತು. ತಡವಾಯಿತು ಎಂದರೆ ಬರಲಿಲ್ಲ ಎಂದಲ್ಲ. ಇವರು ಬದುಕಿನುದ್ದಕ್ಕೂ ಎರಡು ಭಾಷೆಗಳಲ್ಲಿ ವ್ಯವಹರಿಸಿದವರು, ನಲವತ್ತರಲ್ಲಿ ಆ್ಯಪ್ ಹಾಕಿಕೊಂಡವರಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಇದ್ದರೆ ಇನ್ನಷ್ಟು ಲಾಭ ಎಂಬುದಕ್ಕೂ ಅಲ್ಲಿ ಆಧಾರ ಸಿಗಲಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಆಡಿ, ಹೊರಗೆ ಕನ್ನಡದಲ್ಲಿ ವ್ಯವಹರಿಸುವವರ ಬಳಿ ಆ ಲಾಭ, ಇದ್ದರೆ, ಈಗಾಗಲೇ ಇದೆ. ಔಷಧಿ ಎಂದು ಫ್ರೆಂಚ್ ಕಲಿಯಲು ಹೋಗಬೇಡಿ.

ಕೆನಡಾಕ್ಕಾಗಿ ಕಲಿಯುವವರಿಗೆ

ದುಡ್ಡು ಕಳೆದುಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಫ್ರೆಂಚ್ ಬಲ್ಲವರಿಗೆ 50ರವರೆಗೆ ಹೆಚ್ಚುವರಿ ಅಂಕ ಸಿಗುತ್ತದೆ, 2023ರಿಂದ ಅವರಿಗೆಂದೇ ಪ್ರತ್ಯೇಕ ಆಯ್ಕೆ ಸುತ್ತುಗಳೂ ನಡೆಯುತ್ತಿವೆ. ಸಾಮಾನ್ಯ ಸುತ್ತುಗಳಿಗಿಂತ ಕಡಿಮೆ ಅಂಕಕ್ಕೆ ಆಹ್ವಾನ ಬಂದ ಉದಾಹರಣೆಗಳಿವೆ. ಇಷ್ಟರವರೆಗೆ ಫಾರ್ವರ್ಡುಗಳು ಹೇಳುವುದು ನಿಜ.

ಅವು ಬಿಟ್ಟುಬಿಡುವುದು ಮಟ್ಟದ ಮಾತನ್ನು. ಕೆನಡಾದ ಅಳತೆಗೋಲಿನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕರಲ್ಲೂ 7ನೇ ಹಂತ ಬೇಕು. ಯುರೋಪಿನ ಲೆಕ್ಕದಲ್ಲಿ ಇದು ಸುಮಾರಾಗಿ ಬಿ2, ಅಂದರೆ ಸುದ್ದಿ ಕೇಳಿ ಅರ್ಥಮಾಡಿಕೊಂಡು ಅದರ ಮೇಲೆ ವಾದ ಮಾಡಬಲ್ಲ ಮಟ್ಟ. ಓದುವುದರಲ್ಲಿ ಪೂರ್ತಿ ಅಂಕ ಬಂದು ಕೇಳುವುದರಲ್ಲಿ 6 ಬಂದರೆ ಆ ಲಾಭ ಸಿಗುವುದಿಲ್ಲ. ಕಣ್ಣಿನ ಭಾಷೆಯಾಗಿ ಫ್ರೆಂಚ್ ಕಲಿತ ನಮ್ಮವರು ಎಡವುವುದು ಸರಿಯಾಗಿ ಇಲ್ಲಿಯೇ. ‘ಮೂರು ತಿಂಗಳಲ್ಲಿ 7ನೇ ಹಂತ ಗ್ಯಾರಂಟಿ’ ಎನ್ನುವವರನ್ನು ದಿನಕ್ಕೆ ಎಷ್ಟು ಗಂಟೆ ಕಲಿಸುತ್ತೀರಿ, ತಲುಪದಿದ್ದರೆ ಹಣ ವಾಪಸು ಎಂದು ಬರೆದುಕೊಡುತ್ತೀರಾ ಎಂದು ಕೇಳಿ ನೋಡಿ.

ಪರೀಕ್ಷೆಯ ಹೆಸರೂ ಗೊಂದಲ ಮಾಡುತ್ತದೆ. ಡೆಲ್ಫ್ ಪ್ರಮಾಣಪತ್ರ ಜೀವನಪೂರ್ತಿ ಚಾಲ್ತಿಯಲ್ಲಿರುತ್ತದೆ, 100ಕ್ಕೆ 50 ಅಂಕ ಬಂದರೆ ಪಾಸು. ಆದರೆ ನಾಲ್ಕು ಭಾಗಗಳಲ್ಲಿ ಪ್ರತಿಯೊಂದರಲ್ಲೂ 25ಕ್ಕೆ ಕನಿಷ್ಠ 5 ಬರಲೇಬೇಕು. ಸ್ವಂತ ತೃಪ್ತಿಗೆ, ಓದು ಅಥವಾ ಉದ್ಯೋಗದ ಅರ್ಜಿಗೆ ಅದು ಒಳ್ಳೆಯದು. ಎಕ್ಸ್‌ಪ್ರೆಸ್ ಎಂಟ್ರಿಗೆ ಅದು ನಡೆಯುವುದಿಲ್ಲ, ಅಲ್ಲಿ ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಬರೆಯಬೇಕು. ಆ ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು, ಅರ್ಜಿ ಸಲ್ಲಿಸುವ ದಿನವೂ ಅದು ಚಾಲ್ತಿಯಲ್ಲಿರಬೇಕು. ಹಾಗಾಗಿ ‘ಸುಮ್ಮನೆ ಒಮ್ಮೆ ಬರೆದುನೋಡೋಣ’ ಎಂದು ಶುಲ್ಕ ಕಟ್ಟುವ ಮೊದಲು ಮಾದರಿ ಪರೀಕ್ಷೆಯ ಕೇಳುವ ಭಾಗವನ್ನು ಮನೆಯಲ್ಲಿ, ಧ್ವನಿಯನ್ನು ನಿಲ್ಲಿಸದೆ, ಹಿಂದಕ್ಕೆ ಓಡಿಸದೆ ಒಂದೇ ಸಲ ಕೇಳಿ ಬಿಡಿಸಿ. ಅಂಕದ ನಿಯಮಗಳು ಆಗಾಗ ಬದಲಾಗುತ್ತವೆ. ಏಜೆಂಟರ ಪೋಸ್ಟರನ್ನು ನೋಡುವ ಬದಲು ಕೆನಡಾ ಸರ್ಕಾರದ ವಲಸೆ ಇಲಾಖೆಯ ಜಾಲತಾಣವನ್ನೇ ತೆರೆದು ನೋಡಿ.